ಮೂರು ಕೈ ಕಲಾಯಿ

ಗೋವಿಂದರಾಜನಗರದ ಹೆಂಗಸರು ಗಂಡನ ಮಾತು ನಂಬದಿದ್ದರೂ ಅಂಜಿನಯ್ಯನ ಕಲಾಯಿಯನ್ನು ನಂಬುತ್ತಿದ್ದರು. ಮೂವತ್ತು ವರ್ಷದಿಂದ ತಿದಿ ಒತ್ತಿ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಸವರಿ, ಮುಖ ಕಾಣುವ ಹಾಗೆ ಮಾಡಿ ಕೊಡುತ್ತಿದ್ದ ಮನುಷ್ಯ. ತವರ ತುಟ್ಟಿಯಾದ ಮೇಲೆ ಹಳೆಯ ಬ್ಯಾಟರಿಗಳಿಂದ ಕರಗಿಸಿದ ಸೀಸವನ್ನೂ ಬೆರೆಸತೊಡಗಿದ. ಸೀಸ ಸೇರಿದರೆ ಕಲಾಯಿ ಸಲೀಸಾಗಿ ಹರಡುತ್ತದೆ ಎಂದಷ್ಟೇ ಅವನಿಗೆ ಗೊತ್ತು. ಅದು ವಿಷವೇ ಎಂದು ಅವನು ಯಾರನ್ನೂ ಕೇಳಲಿಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ.

೧೯೮೭ರ ಬೇಸಿಗೆಯಲ್ಲಿ ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಬಸುರಿಗೆ ಹುಳಿಯ ಬಯಕೆ. ಹೆಂಡತಿ ರಾಮಕ್ಕ ದಿನಾ ಹುಣಸೆ ಗೊಜ್ಜು ಕುದಿಸಿ ತಪ್ಪಲೆಯಲ್ಲೇ ಬಿಡುತ್ತಿದ್ದಳು. ಕಲಾಯಿ ಇದ್ದರೆ ಹುಳಿಗೆ ಕಿಲುಬು ಏಳುವುದಿಲ್ಲವಲ್ಲ. ಮಗಳಿಗಾಗಿ ಎಂದು ಅಂಜಿನಯ್ಯ ಆ ತಪ್ಪಲೆಗೆ ಒಂದಲ್ಲ, ಮೂರು ಕೈ ಬಳಿದಿದ್ದ.

ತಿಂಗಳೊಪ್ಪತ್ತಿನಲ್ಲಿ ನೀಲಮ್ಮ ಬಿಳಿಚಿಕೊಂಡಳು, ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ಬಸುರಿನ ಸಂಕಟವೆಂದು ರಾಮಕ್ಕ ಜೀರಿಗೆ ಕಷಾಯ ಕೊಟ್ಟಳು. ಕಡೆಗೆ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಒಸಡಿನ ನೀಲಿ ಗೆರೆ ನೋಡಿ ರಕ್ತ ಪರೀಕ್ಷೆ ಮಾಡಿಸಿದರು.

"ಮೈಗೆ ಸೀಸ ಸೇರಿದೆ. ಹೊಟ್ಟೇಲಿರೋ ಮಗೂಗೂ ಹೋಗಿರುತ್ತೆ," ಎಂದರು. "ಅದನ್ನ ಹಿಡ್ಕೊಳ್ಳೋಕೆ ನಮ್ಮ ಮೈಯಲ್ಲೇ ಪೆಪ್ಟೈಡ್ ಅಂತ ಇರುತ್ತೆ, ಪ್ರೋಟೀನಿನ ಚೂರು ಅಂದ್ಕೊಳ್ಳಿ. ಇಷ್ಟೊಂದು ಸೀಸಕ್ಕೆ ಅದು ಸಾಲಲ್ಲ."

"ಅದನ್ನೇ ಔಷಧಿ ಮಾಡಿ ಕೊಡಿ ಸಾರ್," ಎಂದ ಅಂಜಿನಯ್ಯ.

"ಅಂಥ ಔಷಧಿ ಇನ್ನೂ ಬಂದಿಲ್ಲಪ್ಪ. ಇರೋ ಮಾತ್ರೆಗಳನ್ನ ಬಸುರಿಗೆ ಕೊಡೋಕೆ ಭಯ. ಮೊದ್ಲು ಸೀಸ ಒಳಗೆ ಹೋಗೋದು ನಿಲ್ಬೇಕು. ಹುಳಿ ಪದಾರ್ಥ ಯಾವ ಪಾತ್ರೇಲಿ ಮಾಡ್ತೀರಿ?"

ರಾಮಕ್ಕ ಹೆಮ್ಮೆಯಿಂದಲೇ ಹೇಳಿದಳು: "ನಮ್ಮನೆಯವರೇ ಕಲಾಯಿ ಹಾಕಿದ್ದು ಸಾರ್. ಮೂರು ಕೈ."

ಅಂಜಿನಯ್ಯನಿಗೆ ಮಗಳ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅವಳ ತಪ್ಪಲೆ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದನೇನೋ. ಬೀದಿಯ ಒಂದೊಂದು ಅಡುಗೆಮನೆಯೂ ಕಣ್ಣ ಮುಂದೆ ಬಂತು. ಬಸ್ಸಿಗೂ ಕಾಯದೆ ನಡೆದೇ ಬಂದು ಪಕ್ಕದ ಮನೆಯ ಪಟಾಲಮ್ಮನ ಬಾಗಿಲಲ್ಲಿ ನಿಂತ.

"ಕಲಾಯಿ ಪಾತ್ರೆ ಕೊಡಮ್ಮ."

"ಈಗ ಆಗಲ್ಲ ಅಣ್ಣ, ಮೊಮ್ಮಗೂಗೆ ರಾಗಿ ಸರಿ ಕುದೀತಾ ಇದೆ. ಎಳೇ ಮಗು ನೋಡಿ, ನಿಮ್ಮ ಪಾತ್ರೆ ಬಿಟ್ಟು ಬೇರೇದ್ರಲ್ಲಿ ಮಾಡೋಕೆ ನಂಗೆ ಭಯ."

ಅಂಜಿನಯ್ಯ ಒಳಗೆ ನುಗ್ಗಿ, ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ತಂದು ಮೋರಿಗೆ ಸುರಿದ.