ಮೊಟ್ಟೆ ಟ್ರೇಯ ಅಕ್ಷರಗಳು

ಅವರ ಎರಡೂ ಕಣ್ಣು ಚೆನ್ನಾಗಿಯೇ ಇದ್ದವು. ಆದರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಒಂದನ್ನು ಪೂರ್ತಿ ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು ನನ್ನ ಅಂಗಡಿಯ ಕಡೆಗೆ ನೋಡುತ್ತಿದ್ದರು. ಗೊತ್ತಿಲ್ಲದವರು ತಪ್ಪು ತಿಳಿಯುವುದಿತ್ತು. ಅವರು ನೋಡುತ್ತಿದ್ದದ್ದು ನನ್ನ ಮೊಟ್ಟೆಗಳನ್ನು.

ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ದಿನಸಿ ಅಂಗಡಿ. ಪಕ್ಕದ ಮಳಿಗೆಯಲ್ಲಿ ಅವರು ದೀಪದ ಚುಕ್ಕಿಗಳಿಂದ ಅಕ್ಷರ ಮೂಡುವ ಎಲ್‌ಇಡಿ ಬೋರ್ಡು ಮಾಡುತ್ತಿದ್ದರು. ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಮನೆಯಲ್ಲಿ ಬೆಳೆದವರು, ಮನೆಮಾತು ತಮಿಳು. ಕನ್ನಡ ಅಕ್ಷರವೆಂದರೆ ಅವರಿಗೆ ಮುಗಿಯದ ಬೆರಗು. ನಾನು ಬೇಳೆ ತೂಗುತ್ತಿದ್ದರೂ ಬಂದು, "ಅಕ್ಕಾ, ಇಷ್ಟು ದುಂಡಗಿರೋದನ್ನ ಚೌಕದಾಗೆ ಎಂಗೆ ಕೂರ್ಸೋದು?" ಎಂದು ಕೇಳುತ್ತಿದ್ದರು.

ಒಂದು ಸಲ ಕ್ಯಾಸಂಬಳ್ಳಿ ಬಸ್ಸಿಗೆ ಬೋರ್ಡು ಮಾಡಿಕೊಟ್ಟರು. ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಅಕ್ಷರಗಳನ್ನೇ ಹಾಕಿದ್ದರು. ಒತ್ತುಗಳೆಲ್ಲ ಕೆಳಗೆ ಹಿಸುಕಿಕೊಂಡು ಬೆಳಕಿನ ಮುದ್ದೆಯಾದವು. ಅಲ್ಲಿಗೆ ಮಗಳ ಮನೆಗೆಂದು ಹೊರಟಿದ್ದ ನನ್ನ ಅತ್ತೆ, ಕನ್ನಡ ಬಿಟ್ಟು ಬೇರೇನೂ ಓದಲು ಬಾರದವರು, ಕಣ್ಣೆದುರಿನ ಬಸ್ಸು ಬಿಟ್ಟುಕೊಂಡು ವಾಪಸ್ಸು ಬಂದರು. ಬಸ್ಸಿನ ಯಜಮಾನರು, "ಓದಕ್ಕಾಗ್ದಿದ್ರೆ ಬರೀ ಇಂಗ್ಲಿಷ್ ಆಕ್ಬುಡಿ" ಎಂದರು. ಹಾಗಾದರೆ ಅತ್ತೆ ಇನ್ನು ಒಬ್ಬರೇ ಮಗಳ ಮನೆಗೆ ಹೋಗುವಂತಿರಲಿಲ್ಲ.

ಬೋರ್ಡಿನವರು ಆಯುಧಪೂಜೆಯ ತನಕ ಸಮಯ ಕೇಳಿಕೊಂಡರು. ನನ್ನ ಮೊಟ್ಟೆ ಟ್ರೇಗಳನ್ನು ಅಂಗಡಿಯ ಮುಂದೆ ಓರೆ ಹಲಗೆಯ ಮೇಲೆ ಜೋಡಿಸಿ, ಗುಳಿಗೊಂದು ಮೊಟ್ಟೆ ಇಟ್ಟು ಅಕ್ಷರ ಮಾಡುವುದು, ರಸ್ತೆ ದಾಟಿ ಕಣ್ಣು ಕಿರಿದು ಮಾಡುವುದು. ಕಂಪ್ಯೂಟರಿನಲ್ಲೇ ಮಾಡಬಾರದೇ ಎಂದರೆ, "ಅದು ಮೂಗಿನ ಮುಂದೆ ಇರ್ತದೆ ಅಕ್ಕಾ, ಬಸ್ಸು ದೂರದಿಂದ ಬತ್ತದೆ" ಎಂದರು.

ಅತ್ತೆ ಮೆಟ್ಟಿಲ ಮೇಲೆ ಕೂತು ರೇಗಿಸುತ್ತಿದ್ದರು. "ಏನ್ಲಾ, ಅಕ್ಸರಕ್ಕೆ ಕಾವು ಕೊಡಕ್ಕೆ ಕೋಳೀನೂ ತರ್ತೀಯಾ?"

"ಮರಿ ಆದ್ರೆ ನಿಮಗೇ, ಪಾಟ್ಟಿ." ಅಜ್ಜಿಗೆ ಅವರ ತಮಿಳಿನಲ್ಲಿ ಪಾಟ್ಟಿ.

ಕೊನೆಗೆ ಒತ್ತನ್ನು ಅಕ್ಷರದ ಕೆಳಗಿನಿಂದ ಬಿಡಿಸಿ, ಬಲಪಕ್ಕಕ್ಕೆ, ಒಂದಿಷ್ಟು ತಗ್ಗಿನಲ್ಲಿ ಇಟ್ಟರು. ಅಲ್ಲಿಗೆ ನಿಲ್ಲಿಸಲಿಲ್ಲ. ಒಂದೊಂದೇ ಮೊಟ್ಟೆ ತೆಗೆಯುತ್ತ, ಅತ್ತೆಯನ್ನು ಆಚೆ ಬದಿಗೆ ನಿಲ್ಲಿಸಿ, "ಈಗ? ಈಗ್ಲೂ ಕಾಣ್ತದಾ?" ಎಂದು ಕೂಗುತ್ತಿದ್ದರು. ಚೆನ್ನಾಗಿರುವ ಅಕ್ಷರವನ್ನು ಯಾಕೆ ಕೆಡಿಸುತ್ತೀರಿ ಎಂದು ನಾನು ಕೇಳಿದೆ.

"ದೀಪ ಒಂದೊಂದಾಗಿ ಕೆಡ್ತವೆ ಅಕ್ಕಾ. ಕೆಟ್ರೂ ಊರು ಕಾಣ್ಬೇಕು."

ಪೂಜೆಯ ದಿನ ಬಸ್ಸು ಹೊಸ ಬೋರ್ಡು, ಚೆಂಡುಹೂವಿನ ಹಾರದೊಂದಿಗೆ ಬಂತು. ಅತ್ತೆ ಮೆಟ್ಟಿಲಿನಿಂದಲೇ ಊರಿನ ಹೆಸರು ಓದಿ, ಚೀಲ ಎತ್ತಿಕೊಂಡು ನಡೆದರು. ಬೋರ್ಡಿನವರು ಟ್ರೇಗಳನ್ನು ಒರೆಸಿ ಒಳಗೆ ತಂದಿಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ಬೋರ್ಡು ಬಸ್ಸಿನ ಮೇಲೆ ಇನ್ನೂ ಇದೆ. ಅಲ್ಲಲ್ಲಿ ದೀಪ ಸತ್ತು, ಕೊನೆಯ ಅಕ್ಷರ ಹಲ್ಲು ಬಿದ್ದ ಬಾಯಿಯಂತಾಗಿದೆ. ನಿನ್ನೆ ಅತ್ತೆ ಮೆಟ್ಟಿಲ ಮೇಲೆ ನಿಂತು, ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು ದೂರಕ್ಕೆ ನೋಡಿದರು.

"ನಮ್ ಬಸ್ಸೇ ಕಣಮ್ಮಿ," ಎಂದರು. "ಚೀಲ ಕೊಡು."