ಉಪ್ಪಿನಕಾಯಿ ಭರಣಿಯಲ್ಲಿ ಸೀಗಡಿ

ಕುದುರೆಮುಖದಲ್ಲಿ ಗಣಿ ನಿಂತು ಕೆಲವು ತಿಂಗಳಾಗಿತ್ತು. ಟೌನ್‌ಶಿಪ್ಪಿನ ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಅಲ್ಲಿನ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಗೆಳತಿಯ ಗಂಡನಿಗೆ ಒಡಿಶಾದ ಕಡೆ ಕೆಲಸ ಸಿಕ್ಕಿತ್ತು. ಹೊರಡುವ ವಾರ ಆಕೆ ನನ್ನನ್ನು ಕರೆಸಿಕೊಂಡು, ಮುಂದಿನ ಕೋಣೆಯಲ್ಲಿದ್ದ ಮೂರಡಿ ಉದ್ದದ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದಳು.

"ಇದನ್ನ ನೀನೇ ತಗೊಂಡು ಹೋಗ್ಬೇಕು. ಬೇರೆ ಯಾರಿಗೆ ಕೊಟ್ರೂ ಒಂದು ವಾರದಲ್ಲಿ ಕೊಂದುಬಿಡ್ತಾರೆ. ನೀನು ಕೆಮಿಸ್ಟ್ರಿ ಲೆಕ್ಚರರ್ರು."

ಅದು ಸಮುದ್ರದ ನೀರಿನ ಅಕ್ವೇರಿಯಂ. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ರಂಧ್ರಗಳಿದ್ದ ಹತ್ತು ಹನ್ನೆರಡು ಕಲ್ಲು, ಗಾಜಿಗೆ ಅಂಟಿಕೊಂಡ ಐದು ಬಸವನಹುಳು, ಮತ್ತೆ ಒಂದು ಸೀಗಡಿ. ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆ ಎಳೆದುಕೊಂಡು, ತನ್ನ ಮೈಗಿಂತ ಉದ್ದದ ಬಿಳಿ ಮೀಸೆಗಳನ್ನು ಆಡಿಸುತ್ತ ಕಲ್ಲಿನ ಸಂದಿಯಲ್ಲಿ ಅದು ನಿಂತಿತ್ತು. ಗೆಳತಿ ನೀರಿಗೆ ಕೈಯಿಟ್ಟಾಗ ಬಂದು ಅವಳ ಉಗುರಿನ ಸಂದಿಯನ್ನು ಚೊಕ್ಕಟ ಮಾಡಿತು. ಅದನ್ನು ನೋಡಿದ ಮೇಲೆ ಬೇಡ ಎನ್ನಲು ನನ್ನಿಂದಾಗಲಿಲ್ಲ.

ಒಯ್ಯುವ ಕ್ರಮವನ್ನು ಅವಳು ಎರಡೆರಡು ಸಲ ಹೇಳಿಕೊಟ್ಟಳು. ಕಲ್ಲುಗಳನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಅದನ್ನು ಮುರಿದು ಸೌಮ್ಯ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಇರುವುದು ಆ ಕಲ್ಲುಗಳಲ್ಲೇ. ಹಳೆಯ ನೀರನ್ನು ಎಷ್ಟಾಗುತ್ತೋ ಅಷ್ಟು ಒಯ್ಯಬೇಕು. ತಳದ ಮರಳನ್ನು ಇಲ್ಲೇ ಚೆಲ್ಲಬೇಕು, ಅದರಡಿಯಲ್ಲಿ ವರ್ಷಗಳ ಹೊಲಸು ಕೂತಿದೆ. ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯ ಮಾತು ಮಾತ್ರ ಪಾಲಿಸಲಿಲ್ಲ. ಮರಳು ಅಷ್ಟು ಬೆಳ್ಳಗೆ, ಚೆಂದವಾಗಿತ್ತು. ಅವಳು ಒಳಗೆ ಕಾಫಿ ಮಾಡಲು ಹೋದಾಗ ಅದನ್ನೂ ಬಕೆಟ್ಟಿಗೆ ತುಂಬಿಕೊಂಡೆ.

ಪಕ್ಕದ ಎಸ್ಟೇಟಿನಿಂದ ಕೇಳಿ ತಂದ ಜೀಪನ್ನು ನಮ್ಮನೆಯವರು ಕಳಸದ ನಮ್ಮ ಮನೆಯ ಕಡೆ ಓಡಿಸುತ್ತಿದ್ದರು. ಮೀನು ಮತ್ತು ಸೀಗಡಿಯ ಪ್ಲಾಸ್ಟಿಕ್ ಚೀಲಗಳು ನನ್ನ ತೊಡೆಯ ಮೇಲಿದ್ದವು. ಅರಣ್ಯದ ಚೆಕ್‌ಪೋಸ್ಟಿನಲ್ಲಿ ಗಾರ್ಡು ಹಿಂದಿನ ಕ್ಯಾನುಗಳನ್ನು ನೋಡಿ ತಡೆದ.

"ಏನದು ಕ್ಯಾನಲ್ಲಿ?"

"ನೀರು" ಎಂದರು ನಮ್ಮನೆಯವರು.

"ಕಳಸದಲ್ಲಿ ಭದ್ರೆ ಹರೀತಾಳೆ. ನೀವು ಇಲ್ಲಿಂದ ನೀರು ಹೊತ್ಕೊಂಡು ಹೋಗ್ತಿದ್ದೀರಾ?" ಆತನಿಗೆ ಸಂಶಯ ಬಂದು, ಮುಚ್ಚಳ ತೆಗೆಸಿ, ಮೂಸಿ, ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡ. ಮುಖ ಕಿವಿಚಿಕೊಂಡ. "ಇದು ಉಪ್ಪು, ಮಾರಾಯ್ರೆ."

"ಸಮುದ್ರದ್ದು" ಎಂದೆ ನಾನು, ಚೀಲ ಎತ್ತಿ ತೋರಿಸಿ.

ಆತ ಬಗ್ಗಿ ಸೀಗಡಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೇಟು ಎತ್ತುತ್ತ, "ತಿರುವಲ್ಲಿ ನಿಧಾನ ಹೋಗಿ, ಅದಕ್ಕೆ ವಾಂತಿ ಬಂದೀತು" ಎಂದ.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಅವರು ಪೌರೋಹಿತ್ಯದ ಮನೆಯಲ್ಲಿ ಹುಟ್ಟಿದವರು, ಮಡಿಯವರು. ಮೀನು ಬರುತ್ತದೆ ಎಂದು ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ. ಸೀಗಡಿಯ ವಿಷಯ ಹೇಳಿರಲಿಲ್ಲ. ತೊಟ್ಟಿಯನ್ನು ಕಿಟಕಿಯ ಬಿಸಿಲು ಬೀಳದ ಕಡೆ ಇಟ್ಟು, ಮರಳು, ಕಲ್ಲು, ನೀರು ಹಾಕಿ, ಜೀವಗಳನ್ನು ಬಿಟ್ಟಾಗ ಅವರು ಬಾಗಿಲಲ್ಲೇ ನಿಂತು ನೋಡಿದರು.

"ಆ ಮೀಸೆಯವನು ಯಾರು?"

"ಸೀಗಡಿ, ಅತ್ತೆ."

"ಅಂಗಡಿಯಲ್ಲಿ ಒಣಗಿಸಿ ಮಾರ್ತಾರಲ್ಲ, ಅದಾ?"

"ಅದರ ನೆಂಟ."

ಅವರು ಹತ್ತಿರ ಬಂದು ಮೂಸಿ ನೋಡಿದರು. "ಜೀವ ಇದ್ದಾಗ ವಾಸನೆ ಇಲ್ಲ ನೋಡು" ಎಂದು ಒಳಗೆ ಹೋದರು. ಮೀನಿನ ಆಹಾರದ ಡಬ್ಬಿ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದೊಂದು ಕಟ್ಟಳೆ ಮಾತ್ರ ಹಾಕಿದರು.

ನೀರು ಪರೀಕ್ಷಿಸಲು ಗೆಳತಿ ಸಣ್ಣ ಬಾಟಲಿಗಳ ಒಂದು ಪೆಟ್ಟಿಗೆ ಕೊಟ್ಟಿದ್ದಳು. ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಹನಿ ಬಿಟ್ಟರೆ ಅಮೋನಿಯಾ ಇಲ್ಲದಿದ್ದಾಗ ಹಳದಿ, ಇದ್ದರೆ ಹಸಿರು. ಅತ್ತೆಗೆ ಈ ಆಟ ಮೊದಲ ದಿನವೇ ಹಿಡಿಸಿತು. ಪೆಟ್ಟಿಗೆಯ ಜೊತೆಗಿದ್ದ ಬಣ್ಣದ ಕಾರ್ಡು ಅವರಿಗೆ ಬೇಕಿರಲಿಲ್ಲ. ಮೊದಲ ಸಂಜೆ "ಹೆಸರುಬೇಳೆ" ಎಂದರು. ಎರಡನೇ ಸಂಜೆ "ಎಳೆ ಸೌತೆಕಾಯಿ". ಮೂರನೇ ಸಂಜೆ ಕೊಳವೆಯನ್ನು ಬೆಳಕಿಗೆ ಹಿಡಿದು, "ಇದು ಬಾಳೆಲೆ, ಮಾರಾಯ್ತಿ" ಎಂದರು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು.

ತಪ್ಪು ಮರಳಿನದು ಎಂದು ನನಗೆ ಕೂಡಲೇ ತಿಳಿಯಿತು. ಬಕೆಟ್ಟಿಗೆ ತುಂಬುವಾಗ ಅಡಿಯ ಹೊಲಸೆಲ್ಲ ಮೇಲೆದ್ದಿತ್ತು, ಅದನ್ನೇ ತಂದು ಸುರಿದಿದ್ದೆ. ಅರ್ಧ ನೀರನ್ನಾದರೂ ಬದಲಿಸಬೇಕಿತ್ತು. ಮರುದಿನ ಭಾನುವಾರ. ಬೆಳಿಗ್ಗೆಯೇ ಘಾಟಿ ಇಳಿದು ಮಲ್ಪೆಗೆ ಹೋಗಿ ಸಮುದ್ರದ ನೀರು ತರುವುದೆಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಅತ್ತೆ ಗೋಡೆಯ ಪಂಚಾಂಗ ತೆಗೆದರು.

"ನಾಳೆ ಆಗೋದಿಲ್ಲ. ಪರ್ವ ಅಲ್ಲದ ದಿನ ಸಮುದ್ರ ಮುಟ್ಟಬಾರದು. ಅಮಾವಾಸ್ಯೆಗೆ ಇನ್ನೂ ಆರು ದಿನ ಇದೆ."

"ಅಮ್ಮಾ, ಆರು ದಿನಕ್ಕೆ ಮೀನೇ ಇರೋದಿಲ್ಲ" ಎಂದರು ನಮ್ಮನೆಯವರು.

"ಇರೋದಿಲ್ಲ ಅಂತ ನನಗೂ ಕಾಣ್ತದೆ." ಅತ್ತೆ ತೊಟ್ಟಿಯ ಕಡೆ ನೋಡಿ, ಪಂಚಾಂಗವನ್ನು ಮತ್ತೆ ಗೋಡೆಗೆ ತೂಗುಹಾಕಿ, ಅಡುಗೆಮನೆಗೆ ಹೋದರು. ಊಟ ಬಡಿಸುವ ಹೊತ್ತಿಗೆ ದಾರಿ ಹೊಳೆದಿತ್ತು. "ನೀವು ಮುಟ್ಟಬೇಡಿ. ದೋಣಿಯವರ ಹತ್ರ ತುಂಬಿಸಿಕೊಂಡು ಬನ್ನಿ. ಅವರಿಗೆ ಅದು ಅಂಗಳ ಇದ್ದ ಹಾಗೆ, ದೋಷ ಇಲ್ಲ."

ದಡದ ನೀರು ಕೊಳಕು, ಒಳಗಿನ ನೀರೇ ಒಳ್ಳೆಯದು ಎಂದು ಗೆಳತಿಯೂ ಹೇಳಿದ್ದಳು. ಹೀಗೆ ಶಾಸ್ತ್ರ ಮತ್ತು ವಿಜ್ಞಾನ ಎರಡೂ ದೋಣಿಯ ಕಡೆಗೇ ಬಂದವು.

ಮಲ್ಪೆಯಲ್ಲಿ ಸಣ್ಣ ದೋಣಿಯವರೊಬ್ಬರು ನಮ್ಮ ಆರು ಕ್ಯಾನು ನೋಡಿ, "ನೀರು ಮಾತ್ರವಾ ಅಕ್ಕ? ಮೀನು ಬೇಡವಾ?" ಎಂದು ಕೇಳಿದರು. ಮೀನು ಮನೆಯಲ್ಲಿದೆ ಎಂದೆ. "ಮೀನು ಇಟ್ಟುಕೊಂಡು ನೀರಿಗೆ ಬರುವವರನ್ನು ನಾನು ಇವತ್ತೇ ಕಂಡದ್ದು" ಎಂದು ನಗುತ್ತ ದೋಣಿ ತಳ್ಳಿದರು. ಒಂದೂವರೆ ತಾಸಿನ ಮೇಲೆ ತಿಳಿಯಾದ ನೀರು ತುಂಬಿಸಿಕೊಂಡು ಬಂದರು. ನಾವು ಅಲೆ ಬಂದಾಗಲೆಲ್ಲ ಹಿಂದೆ ಸರಿದು, ಕಾಲು ಒದ್ದೆ ಮಾಡಿಕೊಳ್ಳದೆ ನಿಂತಿದ್ದೆವು.

ಮನೆ ಮುಟ್ಟುವಾಗ ರಾತ್ರಿಯಾಗಿತ್ತು. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಡುವ ಅವಸರದಲ್ಲಿ ಮರಳು ತೆಗೆದು, ಹಳೆಯ ನೀರು ಅರ್ಧ ಇಳಿಸಿ, ಹೊಸದನ್ನು ಸುರಿಯತೊಡಗಿದೆ. ಮೂರು ಕ್ಯಾನು ಮುಗಿದು ನಾಲ್ಕನೆಯದು ಅರ್ಧವಾಗಿತ್ತು. ಕ್ಯಾನನ್ನು ಇನ್ನಷ್ಟು ವಾಲಿಸಿದಾಗ ಹಿಡಿಯ ಒಳಗಡೆಯಲ್ಲಿ ನೀಲಿ ಹಕ್ಕಳೆ ಕಂಡಿತು.

ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಆ ನೀಲಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮೈಲುತುತ್ತ. ಮಳೆಗೆ ಮುಂಚೆ ಕಾಫಿ ಗಿಡಕ್ಕೂ ಅಡಿಕೆಗೂ ಸುಣ್ಣದ ಜೊತೆ ಕಲಸಿ ಹೊಡೆಯುವ ತಾಮ್ರದ ಉಪ್ಪು. ಆರು ಕ್ಯಾನುಗಳಲ್ಲಿ ನಾಲ್ಕು ನಮ್ಮವು, ಎರಡು ಮಲ್ಪೆಗೆಂದು ಪಕ್ಕದ ಎಸ್ಟೇಟಿನಿಂದ ಕೇಳಿ ತಂದವು. ಎಸ್ಟೇಟಿನ ಕ್ಯಾನಿನಲ್ಲಿ ಏನಿತ್ತೆಂದು ನಾನು ಕೇಳಿರಲೂ ಇಲ್ಲ, ಬಗ್ಗಿ ನೋಡಿರಲೂ ಇಲ್ಲ. ಮೀನು ಒಂದಿಷ್ಟು ತಾಮ್ರವನ್ನು ತಡೆದುಕೊಂಡೀತು. ಸೀಗಡಿ, ಬಸವನಹುಳು ತಡೆಯಲಾರವು. ಗಾಜಿನ ಮೇಲಿದ್ದ ಹುಳುಗಳಲ್ಲಿ ಎರಡು ಆಗಲೇ ಕಳಚಿ ಕೆಳಗೆ ಬಿದ್ದಿದ್ದವು. ಸೀಗಡಿ ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ವಾಲಿತ್ತು.

"ಅತ್ತೆ, ದೊಡ್ಡ ಪಾತ್ರೆ ಏನಾದ್ರೂ ಕೊಡಿ, ಬೇಗ."

ಅವರು ಬಚ್ಚಲಿನಿಂದ ಹಂಡೆಯನ್ನೇ ಉರುಳಿಸಿಕೊಂಡು ಬಂದರು. ಫಳಫಳ ಹೊಳೆಯುವ ತಾಮ್ರದ ಹಂಡೆ.

"ತಾಮ್ರ ಬೇಡ ಅತ್ತೆ, ತಾಮ್ರದಿಂದಲೇ ಸಾಯ್ತಿದಾವೆ."

"ಹಿತ್ತಾಳೆ?"

"ಅದರಲ್ಲೂ ತಾಮ್ರ ಇದೆ."

ಅಟ್ಟದ ಕೆಳಗೆ, ಮಾವಿನ ಮಿಡಿಗೆಂದು ತೊಳೆದು ಬಿಸಿಲಿಗಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದ ದೊಡ್ಡ ಪಿಂಗಾಣಿ ಭರಣಿಯಿತ್ತು. ಅವರ ತಾಯಿ ಕೊಟ್ಟದ್ದು. ಮೈಲಿಗೆಯ ಕೈ ಅದರ ಹತ್ತಿರ ಸುಳಿಯಲು ಅವರು ಬಿಟ್ಟಿದ್ದಿಲ್ಲ. ಅತ್ತೆ ಅದರ ಬಟ್ಟೆ ಬಿಚ್ಚಿ, ತಾವೇ ಎತ್ತಿ ತಂದು ನನ್ನ ಮುಂದೆ ಇಟ್ಟರು.

"ಉಪ್ಪಿಗೆ ಉಪ್ಪು. ಹಾಕು."

ನಮ್ಮದೇ ಎಂದು ಖಾತ್ರಿಯಿದ್ದ ಐದನೇ ಕ್ಯಾನಿನ ಮುಕ್ಕಾಲು ನೀರನ್ನು ಭರಣಿಗೂ ಒಂದು ಪ್ಲಾಸ್ಟಿಕ್ ಬಕೆಟ್ಟಿಗೂ ಹಂಚಿದೆ. ಸೀಗಡಿ, ಬದುಕಿದ್ದ ಮೂರು ಹುಳು ಮತ್ತು ಒಂದು ಕಲ್ಲು ಭರಣಿಗೆ. ಮೀನು ಮತ್ತು ಉಳಿದ ಕಲ್ಲು ಬಕೆಟ್ಟಿಗೆ. ನಮ್ಮನೆಯವರು ಗಾಳಿಯ ಪಂಪಿನ ನಳಿಗೆಯನ್ನು ಕವಲು ಮಾಡಿ ಎರಡಕ್ಕೂ ಇಳಿಬಿಟ್ಟರು. ಕ್ಯಾನಿನ ತಳದ ನೀರನ್ನು ಸೀಸೆಯಲ್ಲಿ ಕಾಲೇಜಿಗೆ ಒಯ್ದು, ಲ್ಯಾಬಿನಲ್ಲಿ ಅಮೋನಿಯಾ ದ್ರಾವಣ ಬೆರೆಸಿದೆ. ಮಸುಕು ನೀಲಿ ಕಡು ನೀಲಿಯಾಯಿತು. ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ "ತಾಮ್ರ ಖಚಿತ" ಎಂದು ಬರೆಸುವ ಪರೀಕ್ಷೆ ಅದು. ನನ್ನ ತಪ್ಪನ್ನು ಆ ಮಧ್ಯಾಹ್ನದ ತರಗತಿಯಲ್ಲಿ ಮಕ್ಕಳಿಗೆ ಇದ್ದ ಹಾಗೆ ಹೇಳಿದೆ. ತಾಮ್ರದ ಪಾಠವನ್ನು ಅಷ್ಟು ಗಮನ ಕೊಟ್ಟು ಅವರು ಹಿಂದೆಂದೂ ಕೇಳಿರಲಿಲ್ಲ.

ಅಮಾವಾಸ್ಯೆಯವರೆಗೆ ಅವುಗಳನ್ನು ಅಷ್ಟು ಕಡಿಮೆ ನೀರಿನಲ್ಲಿ ಉಳಿಸಿಕೊಳ್ಳಬೇಕಿತ್ತು. ಆಹಾರ ಕಡಿಮೆ ಮಾಡಿದೆ. ಆರನೇ ಕ್ಯಾನು ಎಸ್ಟೇಟಿನದೋ ನಮ್ಮದೋ ಎಂದು ಅನುಮಾನ ಬಂದು ಅದನ್ನು ಮುಟ್ಟಲಿಲ್ಲ. ಐದನೆಯದರಲ್ಲಿ ಉಳಿದಿದ್ದ ನೀರನ್ನು ದಿನಕ್ಕೊಂದು ಚೊಂಬಿನ ಲೆಕ್ಕದಲ್ಲಿ ಬದಲಿಸುತ್ತಿದ್ದೆ. ಆವಿಯಾಗಿ ಇಳಿದಷ್ಟಕ್ಕೆ ಮಾತ್ರ ಸಿಹಿನೀರು ಸೇರಿಸಬೇಕು, ಏಕೆಂದರೆ ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ ಎಂದು ಅತ್ತೆಗೆ ಹೇಳಿದಾಗ ಅವರು, "ಸಾರು ಕುದಿದು ಬತ್ತಿದರೆ ನಾನೇನು ಮತ್ತೆ ಉಪ್ಪು ಹಾಕ್ತೇನಾ?" ಎಂದರು. ಭರಣಿಯ ಹೊರಗೆ ನೀರಿನ ಮಟ್ಟಕ್ಕೆ ಸುಣ್ಣದಲ್ಲಿ ಗೆರೆ ಎಳೆದರು. ಒಳಗಿನ ಮಟ್ಟವನ್ನು ಹೊರಗಿನ ಗೆರೆಗೆ ಹೇಗೆ ಹೋಲಿಸುತ್ತಿದ್ದರೋ ನನಗೆ ತಿಳಿಯದು, ಅವರ ಅಳತೆ ತಪ್ಪಲಿಲ್ಲ.

ನಾಲ್ಕನೆಯ ದಿನ ನಾನು ಕಾಲೇಜಿನಿಂದ ಬಂದಾಗ ಅತ್ತೆ ಭರಣಿಯ ಪಕ್ಕ ಕೂತಿದ್ದರು. ಕಣ್ಣು ಕೆಂಪಾಗಿತ್ತು.

"ಹೋಯ್ತು. ತೇಲ್ತಾ ಉಂಟು. ನೀನು ಬರಲಿ ಅಂತ ತೆಗೀಲಿಲ್ಲ."

ನೀರಿನ ಮೇಲೆ ಸೀಗಡಿ ತಿರುಗುತ್ತಿತ್ತು. ಕಾಲು, ಮೀಸೆ, ಬೆನ್ನಿನ ಗೆರೆ ಎಲ್ಲ ಇದ್ದಂತೆಯೇ ಇದ್ದವು. ತೆಂಗಿನ ಚಿಪ್ಪಿನ ಸೌಟಿನಲ್ಲಿ ಅದನ್ನು ಎತ್ತಿದೆ. ಸೌಟಿಗೆ ಭಾರವೇ ಇರಲಿಲ್ಲ. ಕಿಟಕಿಯ ಬಳಿ ಹಿಡಿದರೆ ಬೆಳಕು ಅದನ್ನು ದಾಟಿ ಬಂತು. ಒಳಗೆ ಏನೂ ಇರಲಿಲ್ಲ. ಟಾರ್ಚು ತಂದು ಭರಣಿಯ ತಳಕ್ಕೆ ಬಿಟ್ಟೆ. ಕಲ್ಲಿನ ಹಿಂದೆ, ಹಿಂದಿಗಿಂತ ಒಂದು ಸುತ್ತು ದಪ್ಪವಾಗಿ, ಹೊಸ ಕೆಂಪು ಹೊದ್ದು ಅದು ನಿಂತಿತ್ತು.

"ಪೊರೆ ಕಳಚಿದೆ ಅತ್ತೆ, ಹಾವಿನ ಹಾಗೆ. ಬದುಕಿದೆ."

ಅತ್ತೆ ಬಗ್ಗಿ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೇಳಿ ಮಾಡಬಾರದಾ ಅದು" ಎಂದು ಭರಣಿಗೇ ಗದರಿದರು. ಆ ಪೊರೆಯನ್ನು ಒಣಗಿಸಿ ಕುಂಕುಮದ ಖಾಲಿ ಭರಣಿಯಲ್ಲಿ ಹಾಕಿಟ್ಟು, ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಮಾವಾಸ್ಯೆಯ ದಿನ ನಾನು ರಜೆ ಹಾಕಿದೆ. ಅತ್ತೆಯೂ ಜೀಪು ಹತ್ತಿದರು. ಕ್ಯಾನುಗಳನ್ನೆಲ್ಲ ಹೊಸದಾಗಿ ತಂದಿದ್ದೆವು. ಒಂದೊಂದರ ಬಾಯಿಗೂ ಟಾರ್ಚು ಬಿಟ್ಟು ನೋಡಿದ್ದೆ. ಮಲ್ಪೆಯಲ್ಲಿ ಅತ್ತೆ ವಿಧಿಯಂತೆ ಸಮುದ್ರಸ್ನಾನ ಮಾಡಿದರು, ಅಲೆಗೆ ಒಮ್ಮೆ ಬಿದ್ದು ನಕ್ಕರು. ಅದೇ ದೋಣಿಯವರು ಸಿಕ್ಕಿದರು. "ಈ ಸಲ ಅಜ್ಜಿಯನ್ನೂ ಕರೆದುಕೊಂಡು ಬಂದಿದ್ದೀರಿ" ಎಂದರು.

"ನೀರು ನೋಡಿ ತಗೊಳ್ಳೋಣ ಅಂತ" ಎಂದರು ಅತ್ತೆ, ಸಂತೆಯಲ್ಲಿ ತರಕಾರಿಗೆ ಹೇಳಿದ ಹಾಗೆ. ಆತ ತುಂಬಿಸಿ ತಂದ ಪ್ರತಿ ಕ್ಯಾನನ್ನೂ ಬಗ್ಗಿ ನೋಡಿಯೇ ಜೀಪಿಗೆ ಏರಿಸಲು ಬಿಟ್ಟರು.

ಮನೆಗೆ ಬಂದು ತೊಳೆದಿಟ್ಟ ತೊಟ್ಟಿಗೆ ನೀರು ಹಾಕಿದೆವು, ಮರಳಿಲ್ಲದೆ, ಬರೀ ಕಲ್ಲು. ಆಸ್ಪತ್ರೆಯ ಡ್ರಿಪ್ ಹಾಕುವಂಥ ಸಣ್ಣ ನಳಿಗೆಯಲ್ಲಿ ಹೊಸ ನೀರನ್ನು ಹನಿಹನಿಯಾಗಿ ಭರಣಿಗೆ ಬಿಟ್ಟು, ಎರಡು ತಾಸು ಕಾದು ಸೀಗಡಿಯನ್ನು ದಾಟಿಸಿದೆ. ಆಮೇಲಿನ ಮೂರು ವಾರ ಸಂಜೆಯ ಪರೀಕ್ಷೆಯನ್ನು ಅತ್ತೆಯೇ ಮಾಡಿದರು. ಸೌತೆಕಾಯಿ, ಮತ್ತೆ ಸೌತೆಕಾಯಿ, ಒಂದು ದಿನ ಬಾಳೆಲೆಯಾಗುವುದೋ ಎಂದು ಹೆದರಿಸಿ, ಕೊನೆಗೆ ಹೆಸರುಬೇಳೆಗೆ ನಿಂತಿತು. ಮಾವಿನ ಮಿಡಿಗೆ ಆ ವರ್ಷ ಬೇರೆ ಭರಣಿ ಬಂತು.

ಮಾರನೆಯ ವರ್ಷ ಮೀನುಗಳು ಒಂದು ಚಪ್ಪಟೆ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟವು. ಚಿಕ್ಕದು ಹಗಲೆಲ್ಲ ರೆಕ್ಕೆ ಬೀಸಿ ಮೊಟ್ಟೆಗೆ ನೀರಾಡಿಸುತ್ತಿತ್ತು. ಅತ್ತೆ ನನಗೆ ಒಡಿಶಾದ ನಂಬರು ಹಚ್ಚಿಕೊಡಲು ಹೇಳಿ ಗೆಳತಿಯ ಹತ್ತಿರ ತಾವೇ ಮಾತಾಡಿದರು.

"ನಿಮ್ಮ ಮನೆ ಹುಡುಗಿ ಬಸುರಿ, ಬಾಣಂತನ ನಮ್ಮಲ್ಲೇ" ಎಂದರು.

ಆ ಕಡೆ ಗೆಳತಿಗೆ ಒಡನೆ ಅರ್ಥವಾಗಲಿಲ್ಲ. ಅತ್ತೆ ಮೊದಲಿನಿಂದ ಹೇಳಿದರು. ಅವಳು ನಗುವ ಸದ್ದು ಫೋನಿನಿಂದ ನನಗೂ ಕೇಳಿಸಿತು.