ಡ್ರೆಸರಮ್ಮ ಬಡಿಸಿದ ಎಲೆಗಳು

ಒಣ ಮೀನು ಹುರಿಯುವ ವಾಸನೆ ನಮ್ಮ ಕಾಂಡೋ ಕಟ್ಟಡದಲ್ಲಿ ಯಾರಿಗೂ ಆಗಿಬರುವುದಿಲ್ಲ. ಹೋದ ವರ್ಷ ಒಂದು ಭಾನುವಾರ ಬ್ರಿಕ್‌ಫೀಲ್ಡ್ಸ್ ಪೇಟೆಯಿಂದ ತಂದ ಮೀನು ಬಾಣಲೆಗೆ ಬಿದ್ದು ಐದು ನಿಮಿಷ ಆಗಿರಲಿಕ್ಕಿಲ್ಲ, ಕೆಳಗಿನ ಗಾರ್ಡು ಫೋನು ಮಾಡಿ, "ಮೇಡಂ, ಮೇಲಿನ ಮನೆಯವರು ಎಲ್ಲೋ ಏನೋ ಸತ್ತಿದೆ ಅಂತಿದ್ದಾರೆ ಲಾ" ಎಂದ. ಸತ್ತದ್ದು ಹೌದು, ಆದರೆ ಮೀನು ಎಂದು ಹೇಳಿ ಫೋನಿಟ್ಟೆ. ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಆ ವಾಸನೆ ಹೊರಗೆ ಹೋಗಲು ದಾರಿಯಿಲ್ಲದೆ ನನ್ನ ಸುತ್ತಲೇ ನಿಂತಿತು. ಉಪ್ಪು, ಹೊಗೆ, ಕಾದ ತೆಂಗಿನೆಣ್ಣೆ. ಅದರ ಬೆನ್ನಿಗೇ ಹುಳಿತ ರಬ್ಬರ್ ಹಾಲಿನ ನಾತ, ಸೌದೆ ಒಲೆಯ ಬೂದಿ, ಅಜ್ಜಿಯ ಸೆರಗಿಗೆ ಅಂಟಿದ ಅರಿಶಿನ, ಎಲ್ಲ ಒಂದೊಂದಾಗಿ ಬಂದವು. ಗ್ಯಾಸ್ ಆರಿಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೀನು ಅರ್ಧ ಬೆಂದಂತೆಯೇ ಉಳಿಯಿತು.

ಈಗ ನಾನಿರುವ ಸೈಬರ್‌ಜಯಾದಿಂದ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ, ಅಲ್ಲಿತ್ತು ನಮ್ಮ ಎಸ್ಟೇಟು. ಈಗ ಅಲ್ಲಿ ಹೋಗಿ ನಿಂತರೆ ಗಾಜಿನ ಕಟ್ಟಡಗಳು, ಅಗಲವಾದ ರಸ್ತೆ, ನಡೆಯುವ ಒಂದು ನರಪಿಳ್ಳೆಯೂ ಇಲ್ಲ. ಆಗ ಕಣ್ಣು ಹಾಯುವಷ್ಟು ದೂರ ರಬ್ಬರ್ ಮರ, ನಡುವೆ ಕೆಂಪು ಮಣ್ಣಿನ ದಾರಿ, ದಾರಿಯ ಎರಡೂ ಬದಿಗೆ ಹಾಲು ತೆಗೆಯುವವರ ಲೈನು ಮನೆಗಳು. ತುದಿಯಲ್ಲಿ ಕಂಬಗಳ ಮೇಲೆ ನಿಂತ ನಮ್ಮ ಮರದ ಮನೆ, ಅದಕ್ಕೆ ತಗಡಿನ ಮಾಡು. ಅಜ್ಜ ಕುಂದಾಪುರದ ಕಡೆಯಿಂದ ಹಡಗು ಹತ್ತಿ ಮಲಯಕ್ಕೆ ಬಂದು ಎಸ್ಟೇಟ್ ಆಸ್ಪತ್ರೆಯ ಡ್ರೆಸರ್ ಆಗಿದ್ದರು. ಡ್ರೆಸರ್ ಅಂದರೆ ಗಾಯಕ್ಕೆ ಪಟ್ಟಿ ಕಟ್ಟುವವರು, ಜ್ವರಕ್ಕೆ ಮದ್ದು ಕೊಡುವವರು, ಡಾಕ್ಟರು ಬಾರದ ದಿನ ಅವರೇ ಡಾಕ್ಟರು. ಅವರು ತೀರಿಕೊಂಡ ಮೇಲೆ ಅಪ್ಪನಿಗೆ ಅದೇ ಕೆಲಸ ಸಿಕ್ಕಿತು. ಹಾಗಾಗಿ ಅಜ್ಜಿ ಕೊನೆಯವರೆಗೂ ಎಲ್ಲರ ಬಾಯಲ್ಲಿ ಡ್ರೆಸರಮ್ಮ. ಸುತ್ತಮುತ್ತ ಕನ್ನಡದ ಮನೆ ನಮ್ಮದೊಂದೇ. ಅದೇನೂ ಅಜ್ಜಿಗೆ ಅಡ್ಡಿಯಾಗಲಿಲ್ಲ. ತಮಿಳರ ಹತ್ತಿರ, ಚೀನೀಯರ ಹತ್ತಿರ, ಎಸ್ಟೇಟ್ ದೊರೆಯ ಡ್ರೈವರ್ ಹತ್ತಿರ, ಎಲ್ಲರ ಹತ್ತಿರವೂ ಕುಂದಾಪುರದ ಕನ್ನಡವನ್ನೇ ಆಡುತ್ತಿದ್ದಳು. ನಡುವೆ ನಾಲ್ಕು ತಮಿಳು ಮಾತು, ಎರಡು ಮಲಯ್ ಮಾತು ಉದುರಿಸುತ್ತಿದ್ದಳು. ಅರ್ಥವಾಗದಿದ್ದರೆ ಗಟ್ಟಿಯಾಗಿ ಹೇಳುತ್ತಿದ್ದಳು, ಆಗ ಅರ್ಥವಾಗಿಬಿಡುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತೆಂದರೆ ಅಜ್ಜಿಯನ್ನು ಹಿಡಿಯುವವರಿರಲಿಲ್ಲ. ಹಿರಿಯರಿಗೆ ಎಡೆ ಹಾಕುವುದು ನಿಮ್ಮ ಮನೆಯಲ್ಲೂ ಇದ್ದಿರಬಹುದು, ಈಗ ಇದೆಯೋ ಇಲ್ಲವೋ. ನಮ್ಮಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ. ಅವರವರಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಅವರು ಉಂಡೇಳುವಷ್ಟು ಹೊತ್ತು ಮಾತಾಡದೆ ಕಾಯಬೇಕು. ಬೇರೆಯವರ ಮನೆಯಲ್ಲಿ ಎಲೆ ಸ್ವಂತದವರಿಗೆ ಮಾತ್ರ. ನಮ್ಮ ಅಜ್ಜಿ ಮಾತ್ರ ಎಸ್ಟೇಟಿನಲ್ಲಿ ದಿಕ್ಕಿಲ್ಲದೆ ಸತ್ತ ಮುದುಕ ಮುದುಕಿಯರಿಗೂ ಎಲೆ ಹಾಕುತ್ತಿದ್ದಳು. ಅಲ್ಲಿಯ ಮುದುಕರಲ್ಲಿ ಎಷ್ಟೋ ಮಂದಿಗೆ ಊರು ಸಮುದ್ರದ ಆಚೆ, ಮಕ್ಕಳಿಲ್ಲ, ಇದ್ದರೂ ತಿರುಗಿ ನೋಡುವುದಿಲ್ಲ. "ಅವ್ರ್ ಉಪವಾಸ ಕೂಕಣ್ಕ್ ನಮ್ ಬಾಗಿಲಂಗೆ ಕಾಂತಾ ಇಪ್ಪುದ್ ನಂಗ್ ಆತಿಲ್ಲೆ" ಎನ್ನುತ್ತಿದ್ದಳು. ಹಸಿದವರು ಬಾಗಿಲಲ್ಲಿ ಕೂತು ನೋಡುತ್ತಿರುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಅಮ್ಮ ಕಲ್ಲಿನಲ್ಲಿ ಅರೆದು ಅರೆದು ಕೈ ಸೋತು ಗೊಣಗುತ್ತಿದ್ದಳು. ಎಲೆಗಳ ಸಾಲು ವರ್ಷ ವರ್ಷ ಉದ್ದವಾಗಿ ನಡುಮನೆ ದಾಟಿ ಅಡುಗೆಮನೆಯ ಹೊಸ್ತಿಲು ಮುಟ್ಟಿತ್ತು.

ಮುನಿಯಾಂಡಿ ಎಂಬ ಮುದುಕನಿದ್ದ. ಹಾಲು ತೆಗೆದು ತೆಗೆದು ಬಲಗೈ ಬೆರಳುಗಳು ಚೂರಿ ಹಿಡಿದ ಹಾಗೆಯೇ ಸೊಟ್ಟಗೆ ನಿಂತುಹೋಗಿದ್ದವು. ಹೆಂಡತಿ ಸತ್ತಿದ್ದಳು, ಜೊತೆಗೆ ಒಂದು ಬೋಳು ನಾಯಿ ಮಾತ್ರ. ಅಜ್ಜಿ ಒಣ ಮೀನು ಹುರಿದಾಗಲೆಲ್ಲ ಅವನಿಗೆ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು, ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿ ಹೋಗುತ್ತಿದ್ದ. ಒಂದು ಮಳೆಗಾಲ ಎದೆನೋವೆಂದು ಅವನನ್ನು ಕ್ಲಾಂಗಿನ ಆಸ್ಪತ್ರೆಗೆ ಕಳಿಸಿದರು. ಕೆಲವು ವಾರದ ಮೇಲೆ ಬಸ್ಸಿನಿಂದಿಳಿದ ಯಾರೋ ಮುನಿಯಾಂಡಿ ಹೋದ ಎಂದು ಹೇಳಿದರು. ಅಜ್ಜಿ ಅತ್ತಳು. ಅವನ ನಾಯಿಯನ್ನು ಮನೆಗೆ ಕರೆತಂದಳು. ನಮ್ಮ ಎಸ್ಟೇಟಿನಲ್ಲಿ ಮುನಿಯಾಂಡಿ ಎಂದು ಕೂಗಿದರೆ ಮೂರು ಜನ ತಿರುಗಿ ನೋಡುತ್ತಾರೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಆ ವರ್ಷದ ಅಮಾವಾಸ್ಯೆ. ಸಾಲಿನ ಕೊನೆಗೆ ಮುನಿಯಾಂಡಿಯ ಎಲೆ, ಅದರಲ್ಲಿ ಅನ್ನ, ಸಾರು, ಒಣ ಮೀನು. ಬಾಗಿಲು ಮುಚ್ಚಿ ನಾವೆಲ್ಲ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತಿದ್ದೆವು. ಆಗ ಕೆಂಪು ದಾರಿಯಲ್ಲಿ, ಕಪ್ಪು ಕೊಡೆ ಹಿಡಿದುಕೊಂಡು, ಮೊದಲಿಗಿಂತ ಅರ್ಧವಾಗಿ ಹೋಗಿದ್ದ ಮುನಿಯಾಂಡಿ ನಡೆದುಕೊಂಡು ಬಂದ. ಅಮ್ಮ ನನ್ನನ್ನು ಎಳೆದು ಅಪ್ಪಿಕೊಂಡಳು. ಅಪ್ಪನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಅಜ್ಜಿ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. ಕರೆದವರು ಬಂದರೆ ಗಾಬರಿ ಎಂತಕ್ಕೆ? ಸೆರಗು ಹೊದ್ದು, ಮೆಟ್ಟಿಲು ಹತ್ತಿ, ತಾನೇ ಬಾಗಿಲು ತೆಗೆದು, "ಬಾ ಮಾರಾಯ, ತಡ ಆಯ್ತ್ ಅಲ್ದಾ. ನಿನ್ ಎಲೆ ಕಡಿಗಿಂದ್" ಎಂದು ಸಾಲಿನ ಕೊನೆಯ ಎಲೆ ತೋರಿಸಿದಳು. ಆ ಬಡಪಾಯಿ ಎಂದೂ ಡ್ರೆಸರಮ್ಮನ ಮಾತು ಮೀರಿದವನಲ್ಲ. ಕೊಡೆ ಮಡಚಿಟ್ಟು, ಕಾಲು ತೊಳೆದು, ಒಳಗೆ ಹೋದ. ಅಜ್ಜಿ ಮತ್ತೆ ಬಾಗಿಲು ಮುಚ್ಚಿದಳು. ಒಳಗೆ ಒಬ್ಬರು ಉಣ್ಣುವ ಸದ್ದು ನಮಗೆಲ್ಲ ಕೇಳುತ್ತಿತ್ತು. ಅಜ್ಜಿ ನಮ್ಮ ಕಡೆ ತಿರುಗಿ, ನೋಡಿದಿರಾ, ನಾನು ಹೇಳಿರಲಿಲ್ಲವಾ ಎಂಬಂತೆ ತಲೆ ಕುಣಿಸಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಂಜುತ್ತಾ ಅಂಜುತ್ತಾ ದನಿ ಬಂತು. "ಅಮ್ಮಾ, ಕೋಪ ಮಾಡಬೇಡಿ. ಈ ಒಣ ಮೀನು ನನಗೆ ಸೇರುವುದಿಲ್ಲ. ಇಷ್ಟು ವರ್ಷ ನಾಯಿಗೆ ಹಾಕುತ್ತಿದ್ದೆ."

ಸತ್ತವರು ಹೀಗೆಲ್ಲ ದೂರು ಹೇಳುವುದಿಲ್ಲ. ಅಜ್ಜಿ ಬಾಗಿಲು ನೂಕಿ ಒಳಗೆ ಹೋಗಿ ಅವನ ತೋಳು ಹಿಡಿದು ನೋಡಿದಳು, ಬೆಚ್ಚಗಿತ್ತು. ಆಮೇಲೆ ಆದ ಗಲಾಟೆ ಕೇಳಬೇಡಿ. ಬದುಕಿದ್ದವನಿಗೆ ಎಡೆ ಹಾಕಿಬಿಟ್ಟೆನಲ್ಲ ಎಂದು ತಲೆ ತಲೆ ಚಚ್ಚಿಕೊಂಡಳು. ಸುಳ್ಳು ಸಾವಿನ ಸುದ್ದಿ ಬಂದರೆ ಆಯಸ್ಸು ಹೆಚ್ಚುತ್ತದೆ ಎಂದು ಅಪ್ಪ ಸಮಾಧಾನ ಮಾಡಿದರು. ಮುನಿಯಾಂಡಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಯಾರದು ಈ ಎಲೆ ಎಂದು ಕೇಳಿ ತಿಳಿದುಕೊಂಡಿದ್ದ, ತಿಳಿದ ಮೇಲೆ ಕೈ ಎಲೆಯಲ್ಲೇ ನಿಂತುಬಿಟ್ಟಿತ್ತು. "ನಾನು ಸತ್ತರೆ ನನಗೂ ಒಂದು ಎಲೆ ಇದೆಯಾ ಅಮ್ಮಾ?" ಎಂದ. ಅಷ್ಟು ವಯಸ್ಸಾದ ಗಂಡಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಇದೆ, ನಾನಿರುವವರೆಗೆ ತಪ್ಪುವುದಿಲ್ಲ ಎಂದು ಅಜ್ಜಿ ಮಾತು ಕೊಟ್ಟಳು.

ಮಾತು ಕೊಟ್ಟದ್ದೇನೋ ಕೊಟ್ಟಳು, ಆದರೆ ಅಂದಿನಿಂದ ಅವಳ ನೆಮ್ಮದಿ ಹೋಯಿತು. ಇವನಿಗೆ ಮೀನು ಇಷ್ಟವೆಂದು ನಂಬಿ ಮೋಸ ಹೋದೆನಲ್ಲ, ಹಾಗಾದರೆ ಸತ್ತ ಉಳಿದವರೂ ಸೇರದ್ದನ್ನೇ ಸುಮ್ಮನೆ ನುಂಗುತ್ತಿದ್ದಾರೋ ಏನೋ? ಬದುಕಿರುವವರನ್ನಾದರೂ ಈಗಲೇ ಕೇಳಿಬಿಡಬೇಕು ಎಂದು, ಸಂಜೆ ಚಹಾ ಕುಡಿದು ನನ್ನನ್ನು ಜೊತೆಗೆ ಕರೆದುಕೊಂಡು ಮುದುಕರ ಮನೆ ಮನೆಗೆ ಹೊರಟಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ. "ಸತ್ ಮೇಲೆ ನಿಂಗೆ ಎಂತ ಬಡಿಸುದ್? ಈಗ್ಲೇ ಹೇಳ್." ಮುನಿಯಾಂಡಿ ನಾಚಿಕೊಂಡು, ಅರಿಶಿನ ಎಲೆಯಲ್ಲಿ ಮಡಚಿ ಬೇಯಿಸುತ್ತೀರಲ್ಲ, ಆ ಸಿಹಿ ಕಡುಬು ಎಂದ. ಎಸ್ಟೇಟಿನ ಅಂಗಡಿ ನಡೆಸುತ್ತಿದ್ದ ಆಸೆಂಗ್ ಎಂಬ ಚೀನೀ ಮುದುಕ "ಚೋಯ್! ಚೋಯ್!" ಎಂದು ಪೊರಕೆ ಹಿಡಿದುಕೊಂಡೇ ನಮ್ಮನ್ನು ಓಡಿಸಿದ. ಅವರಲ್ಲಿ ಸಾವಿನ ಮಾತು ಎತ್ತಿದರೇ ಅಪಶಕುನ. ಆದರೆ ಒಂದು ವಾರ ಬಿಟ್ಟು ಅವನೇ ನಮ್ಮ ಮೆಟ್ಟಿಲ ಬುಡಕ್ಕೆ ಬಂದು, ಯಾರೂ ಇಲ್ಲವೆಂದು ಆಚೀಚೆ ನೋಡಿ, "ಮರಗೆಣಸು ಮಾತ್ರ ಬೇಡ" ಎಂದ. ಯುದ್ಧದಲ್ಲಿ ಜಪಾನಿನವರು ಬಂದು ಆಳಿದ ಕಾಲದಲ್ಲಿ ಅಕ್ಕಿಯಿಲ್ಲದೆ ಬರೀ ಮರಗೆಣಸು ತಿಂದು ಬದುಕಿದ್ದನಂತೆ, ಇಬ್ಬರು ತಂಗಿಯರು ಅದನ್ನು ತಿನ್ನುತ್ತಲೇ ಸೊರಗಿ ಸತ್ತಿದ್ದರಂತೆ. "ಬಿಳಿ ಅನ್ನ. ಮೇಲೊಂದು ಮೊಟ್ಟೆ. ಸಾಕು." ಲಚ್ಚುಮಿ ಪಾಟಿ ಎಂಬ ತಮಿಳು ಅಜ್ಜಿ ಜೀವಮಾನವಿಡೀ ದೊರೆಯ ಬಂಗಲೆ ಗುಡಿಸಿದವಳು. ಅಲ್ಲಿ ವಾರವಾರವೂ ಬೇಯುತ್ತಿದ್ದ ಬೆಣ್ಣೆ ಕೇಕಿನ ವಾಸನೆ ಮಾತ್ರ ಅವಳಿಗೆ ಗೊತ್ತು, ರುಚಿ ಗೊತ್ತಿಲ್ಲ, ಅದು ಬೇಕು ಎಂದಳು. ಅದಕ್ಕೆ ಸಾಯುವ ತನಕ ಕಾಯುವುದು ಎಂತಕ್ಕೆ ಎಂದು ಅಜ್ಜಿ ಅಪ್ಪನ ಕೈಲಿ ಪೇಟೆಯಿಂದ ಕೇಕು ತರಿಸಿ ಅವಳ ಕೈಗಿಟ್ಟಳು. ಪಾಟಿ ಒಂದು ತುಂಡು ಕಚ್ಚಿ, ಮೆಲ್ಲಗೆ ಅಗಿದು, "ಇಷ್ಟೇನಾ?" ಎಂದಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾಟಿ ತನ್ನ ಎಲೆಗೆ ರಸಂ ಆದರೂ ಸಾಕು ಎಂದು ಬದಲಾಯಿಸಿಕೊಂಡಳು.

ಹೀಗೆ ಎಲ್ಲರ ಇಷ್ಟವನ್ನೂ ಅಜ್ಜಿ ತಲೆಯಲ್ಲಿ ಇಟ್ಟುಕೊಂಡಳು. ಆದರೆ ಯಾರೂ ಅಲ್ಲಿ ಸಾಯಲಿಲ್ಲ. ಅದಕ್ಕೆ ಮೊದಲೇ ಎಸ್ಟೇಟು ಮಾರಾಟವಾಯಿತು. ಒಂದೇ ವರ್ಷದಲ್ಲಿ ಎಲ್ಲರೂ ಚೆಲ್ಲಾಪಿಲ್ಲಿ. ಮುನಿಯಾಂಡಿಯನ್ನು ದೂರದ ಅಕ್ಕನ ಮಗಳೊಬ್ಬಳು ಸೆರೆಂಬಾನ್ ಕಡೆಗೆ ಕರೆದೊಯ್ದಳು. ಲಚ್ಚುಮಿ ಪಾಟಿ ಒಂದು ವೃದ್ಧಾಶ್ರಮ ಸೇರಿದಳು. ಆಸೆಂಗನನ್ನು ಮಗ ಇಪೋಗೆ ಕರೆಸಿಕೊಂಡ. ನಾವು ಕ್ಲಾಂಗಿನ ಒಂದು ಫ್ಲಾಟಿಗೆ ಬಂದೆವು. ಬುಲ್ಡೋಜರ್ ಬರುವ ಮುಂಚೆ ಅಜ್ಜಿ ಎಲ್ಲರಿಗೂ ಒಂದೇ ಮಾತು ಹೇಳಿದ್ದಳು. ಸತ್ತರೆ ಸುದ್ದಿ ಕಳಿಸಿ. ಪಾಪ, ಸತ್ತವರು ಹೇಗೆ ಸುದ್ದಿ ಕಳಿಸುತ್ತಾರೆ? ಆಸೆಂಗ್ ಹೋದದ್ದು ಮಾತ್ರ ಅವನ ಮಗನಿಂದ ತಿಳಿಯಿತು, ಅವನಿಗೆ ಅನ್ನವೂ ಮೊಟ್ಟೆಯೂ ಬಿತ್ತು. ಉಳಿದವರ ಸುದ್ದಿಯೇ ಇಲ್ಲ. ಅಪ್ಪ ಸೆರೆಂಬಾನಿಗೆ ಹೋಗಿ ಬಂದರು. ಅಕ್ಕನ ಮಗಳು ಮನೆ ಬದಲಾಯಿಸಿದ್ದಳು, ಎಲ್ಲಿಗೆಂದು ಗೊತ್ತಿರುವವರಿಲ್ಲ. ಆಶ್ರಮದ ಬಾಗಿಲಿಗೆ ಬೀಗ ಬಿದ್ದಿತ್ತು. ಅಮಾವಾಸ್ಯೆಯ ದಿನ ಅಜ್ಜಿ ಕಡುಬು ಬೇಯಿಸಿ, ರಸಂ ಕುದಿಸಿ, ಎಲೆ ಕೈಯಲ್ಲಿ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. "ಇದ್ದನಾ, ಹೋದನಾ? ಇದ್ದವನಿಗೆ ಒಂದ್ ಸಲ ಹಾಕಿ ಪಾಪ ಕಟ್ಕೊಂಡೆ. ಹೋದವನ್ನ ಉಪವಾಸ ಹಾಕಿ ಇನ್ನೊಂದ್ ಕಟ್ಕಂಬುದಾ?" ಕೊನೆಗೆ ಕಡುಬನ್ನು ನನ್ನ ಕೈಯಲ್ಲಿ ಕೆಳಗೆ ಕಳಿಸುತ್ತಿದ್ದಳು, ಫ್ಲಾಟಿನ ಮೆಟ್ಟಿಲ ಬಳಿ ಕೂತಿರುವ ಯಾವುದಾದರೂ ಮುದುಕನಿಗೆ ಕೊಡು ಎಂದು. ಅವರು ಯಾಕೆ, ಏನು ಎಂದು ಕೇಳದೆ ತಿನ್ನುತ್ತಿದ್ದರು. ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂಬ ಕೊರಗು ಅವಳನ್ನು ಒಳಗೊಳಗೇ ತಿಂದಿತು. ಅದೇ ಕೊರಗಿನಲ್ಲಿ ಹೋದಳು.

ಅಮ್ಮನೂ ಹೋಗಿ ವರ್ಷಗಳಾದವು. ಅಪ್ಪ ಈಗ ನನ್ನ ಜೊತೆಗಿದ್ದಾರೆ. ಮುನಿಯಾಂಡಿಗೆ ನೂರು ಎಂದೋ ದಾಟಿರಬೇಕು, ಇನ್ನು ಅನುಮಾನ ಬೇಡ, ಅವನಿಗೂ ಪಾಟಿಗೂ ಎಲೆ ಹಾಕು ಎಂದು ಅವರೇ ಹೇಳಿದರು. ಹಾಕುತ್ತಿದ್ದೇನೆ. ಯಾವ ಊರಲ್ಲಿ, ಯಾರ ಕೈಯಲ್ಲಿ ಕೊನೆಯ ಗುಟುಕು ನೀರು ಕುಡಿದರೋ, ಕುಡಿದರೋ ಇಲ್ಲವೋ. ಹೋದ ಅಮಾವಾಸ್ಯೆಗೆ ನನ್ನ ಮಗಳು ರಜೆ ಹಾಕಿ ಜೊತೆಗೆ ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಡುಬು ಯಾರಿಗೆ, ಮೊಟ್ಟೆ ಯಾರಿಗೆ ಎಂದು ಕೇಳಿ ಕೇಳಿ ತಾನೇ ಇಟ್ಟಳು. ಸಾಲಿನ ಕೊನೆಯಲ್ಲಿ ನನ್ನ ಅಜ್ಜಿಯ ಎಲೆಯ ಮುಂದೆ ನಿಂತು, "ಆ್ಯಂಡ್ ಅಜ್ಜಿ? ವಾಟ್ ಡಿಡ್ ಶೀ ಲೈಕ್?" ಎಂದಳು.

ಇಷ್ಟು ವರ್ಷ ಅಜ್ಜಿಯ ಎಲೆಗೆ ಮನೆಯಲ್ಲಿ ಆದದ್ದನ್ನೆಲ್ಲ ಸ್ವಲ್ಪ ಸ್ವಲ್ಪ ಹಾಕುತ್ತಿದ್ದೆ, ಯೋಚಿಸಿಯೇ ಇರಲಿಲ್ಲ. ಅಪ್ಪನ ಮುಖ ನೋಡಿದೆ.

"ಬಂಗುಡೆ ಮೀನಿನ ಸಾರು," ಎಂದರು ಅಪ್ಪ. ಆಮೇಲೆ, "ಅಲ್ಲ, ಅದು ಅಜ್ಜನಿಗೆ." ಹಣೆ ತಿಕ್ಕಿಕೊಂಡರು. "ಅಕ್ಕಿ, ಬೆಲ್ಲ ಹಾಕಿ ಹಾಲುಬಾಯಿ ಮಾಡುತ್ತಿದ್ದಳು ನೋಡು. ಅದು ನನಗೆ ಅಂತ ಮಾಡುತ್ತಿದ್ದದ್ದು." ಎಲೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಎಲ್ಲರದ್ದೂ ಆದ ಮೇಲೆ ಉಣ್ಣಲಿಕ್ಕೆ ಕೂರುತ್ತಿದ್ದಳು ಮಗಾ. ಉಳಿದದ್ದು ಉಣ್ಣುತ್ತಿದ್ದಳು. ಅವಳ ಹತ್ತಿರ ಯಾರೂ ಕೇಳಲಿಲ್ಲ."

ಮಗಳು ಕಾಯುತ್ತಿದ್ದಳು. ನಾನು ಅಜ್ಜಿಯ ಎಲೆಗೆ ಅನ್ನ ಬಡಿಸಿದೆ. ಪಕ್ಕಕ್ಕೆ ಏನು ಹಾಕಬೇಕೆಂದು ಗೊತ್ತಾಗದೆ, ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.